ಮಿಲಿಟರಿ ಬೀಮು ಇಳಿದ ಗುರುವಾರ

ಧಡ್, ಧಡ್, ಧಡ್. ದಪ್ಪ ನೂಲು ಏರಿಸಿದ ಮಗ್ಗದ ಸದ್ದೇ ಬೇರೆ. ಧೋತರದ ಸಣ್ಣ ನೂಲಿನ ನಡುವೆ ಲಾಳಿ ಓಡುವಾಗ ತಗಡಿನ ಮೇಲೆ ಮಳೆಹನಿ ಬಿದ್ದ ಹಾಗೆ ಕೇಳುತ್ತದೆ. ಸಿಪಾಯಿಗಳ ಅಂಗಿ ಚಡ್ಡಿಗೆ ಬೇಕಾದ ಡ್ರಿಲ್ ಬಟ್ಟೆ ನೇಯುವಾಗ ಮಾತ್ರ ಯಾರೋ ಗೋಡೆಯ ಆಚೆ ನಿಂತು ಗುದ್ದುತ್ತಿದ್ದಾರೆ ಅನ್ನಿಸುತ್ತದೆ. ಸಾವಿರದ ಒಂಬೈನೂರ ಅರವತ್ತೈದರ ಬೇಸಿಗೆಯಿಂದ ದಾವಣಗೆರೆಯ ಆ ಮಿಲ್ಲಿನಲ್ಲಿ ಗುದ್ದಿನ ಸದ್ದೇ ಹೆಚ್ಚಾಗಿತ್ತು. ಬೆಳಗಿನ ಪಾಳಿಗೆ ಬಂದು ತನ್ನ ನಾಲ್ಕು ಮಗ್ಗಗಳ ನಡುವೆ ನಿಂತರೆ ಮಾಳಿಂಗಪ್ಪನಿಗೆ ಆ ಸದ್ದು ಕಿವಿಗಿಂತ ಮೊದಲು ಮೊಣಕಾಲಿಗೆ ಗೊತ್ತಾಗುತ್ತಿತ್ತು.

ಆಗ ಅವನಿಗೆ ನಲವತ್ತೆಂಟು. ಹುಟ್ಟಿದ್ದು ಬಾತಿಯಲ್ಲಿ, ಕಂಬಳಿ ನೇಯುವವರ ಮನೆಯಲ್ಲಿ. ಅಪ್ಪ ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು, ದಿನವಿಡೀ ಒಂದೇ ಮಗ್ಗದ ಮುಂದೆ ಕೂತಿರುತ್ತಿದ್ದ. ಹಿಂದಿನ ದೊಡ್ಡ ಯುದ್ಧದ ಕಾಲಕ್ಕೆ ಮಿಲ್ಲಿನವರು ಹಗಲೂ ರಾತ್ರಿ ಆಳು ತೆಗೆದುಕೊಳ್ಳುತ್ತಿದ್ದರು. ಮಾಳಿಂಗಪ್ಪ ಬಾತಿಯಿಂದ ನಡೆದು ಬಂದು ಗೇಟಿನ ಮುಂದೆ ಸಾಲಿನಲ್ಲಿ ನಿಂತ. ಏನು ಬರುತ್ತದೆ ಎಂದು ಕೇಳಿದರು. ಕಂಬಳಿ ನೇಯಾಕೆ ಬರ್ತೈತೆ ಅಂದ. ಕೇಳಿದವರು ನಕ್ಕರು, ಆದರೂ ಒಳಗೆ ಬಿಟ್ಟರು. ಇಪ್ಪತ್ತಮೂರು ವರ್ಷದಲ್ಲಿ ಅರಳೆಯ ಧೂಳು ಅವನ ಎದೆಯೊಳಗೆ ಇಳಿದು ಕೂತಿತ್ತು. ಮಾತು ಕಡಿಮೆಯಾಗಿತ್ತು. ಮಗ್ಗದ ಸದ್ದಿನಲ್ಲಿ ಮಾತು ಯಾರಿಗೂ ಕೇಳುವುದಿಲ್ಲವಾದ್ದರಿಂದ ಅಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಬದುಕುತ್ತಿದ್ದರು. ನಿಟ್ಟುವಳ್ಳಿಯ ಮನೆಗೆ ಬಂದ ಮೇಲೂ ಅವನು ನೀರು ಬೇಕಾದರೆ ಹೆಬ್ಬೆರಳು ತೋರಿಸುತ್ತಿದ್ದ. "ನಾನೇನು ನಿಮ್ಮ ಪಕ್ಕದ ಮಗ್ಗದೋನಾ?" ಎಂದು ಹೆಂಡತಿ ಓಬವ್ವ ಗದರುತ್ತಿದ್ದಳು.

ಮಿಲ್ಲಿನ ಮಂದಿಗೆ ಒಂದು ನಂಬಿಕೆಯಿತ್ತು. ಪೇಪರು ಏನಾದರೂ ಬರೆಯಲಿ, ರೇಡಿಯೋ ಏನಾದರೂ ಹೇಳಲಿ, ನಿಜ ತಿಳಿಯುವುದು ಬೀಮಿನಿಂದ. ಬೀಮು ಎಂದರೆ ಹಾಸಿನ ನೂಲನ್ನು ಸುತ್ತಿ ಮಗ್ಗದ ಹಿಂದೆ ಕೂರಿಸುವ ಆಳುದ್ದದ ಉರುಳೆ. ದೇಶದಲ್ಲಿ ಯಾವ ಬಟ್ಟೆಗೆ ಬೇಡಿಕೆಯೋ ಆ ನೂಲಿನ ಬೀಮು ಏರುತ್ತದೆ. ದೊಡ್ಡ ಯುದ್ಧದ ಕೊನೆಯಲ್ಲಿ ಒಂದು ದಿನ ಮಿಲಿಟರಿ ಬೀಮುಗಳನ್ನೆಲ್ಲ ಇಳಿಸಿ ಸೀರೆಯ ನೂಲು ಏರಿಸಿದ್ದರು. ಮಾಳಿಂಗಪ್ಪ ಚಾದಂಗಡಿಯಲ್ಲಿ, ಯುದ್ಧ ಮುಗೀತು ನೋಡ್ರಿ ಅಂದಿದ್ದ. ಹದಿನೈದು ದಿನಕ್ಕೆ ಮುಗಿಯಿತು. ಹೈದರಾಬಾದಿನ ಮೇಲೆ ಸೈನ್ಯ ಹೋದಾಗಲೂ ಅವನ ಮಾತು ಹಾಗೇ ನಡೆಯಿತು. ಅಲ್ಲಿಂದ ಮುಂದೆ ಲಡಾಯಿಯ ಸುದ್ದಿ ಬಂದಾಗಲೆಲ್ಲ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನಿಗೂ ಅದು ಒಳಗೊಳಗೆ ಹಿತವಾಗಿತ್ತು. ಮಾತಾಡದ ಮನುಷ್ಯನ ಮಾತಿಗೆ ಒಂದೇ ಒಂದು ವಿಷಯದಲ್ಲಿ ಬೆಲೆ ಸಿಕ್ಕಿತ್ತು.

ಈ ಸಲದ ಯುದ್ಧ ಅವನ ಮನೆಯೊಳಗೇ ಬಂದಿತ್ತು. ಒಬ್ಬಳೇ ಮಗಳು ಮರಿಯವ್ವನನ್ನು ಹರಿಹರದ ಹತ್ತಿರದ ಗುತ್ತೂರಿಗೆ ಕೊಟ್ಟಿದ್ದ. ಅಳಿಯ ಭರಮಣ್ಣ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ರೈಲಿನಿಂದ ಇಳಿದ ಮದ್ದುಗುಂಡನ್ನು ಮುಂದಿನ ಠಾಣ್ಯಗಳಿಗೆ ಮುಟ್ಟಿಸುವ ಕೆಲಸ. ಚೊಚ್ಚಲ ಹೆರಿಗೆಗೆ ಮರಿಯವ್ವ ತವರಿಗೆ ಬಂದಿದ್ದಳು. ಭರಮಣ್ಣ ರಜೆ ಹಾಕಿ ಊರಿಗೆ ಬಂದ. ಗಣಪತಿ ಹಬ್ಬದ ದಿನ ಗಂಡುಮಗು ಹುಟ್ಟಿತು. ಅದಾದ ವಾರಕ್ಕೆ ಪಂಜಾಬಿನ ಗಡಿಯುದ್ದಕ್ಕೂ ಯುದ್ಧ ಹತ್ತಿಕೊಂಡಿತು.

ಸೆಪ್ಟೆಂಬರ್ ಒಂಬತ್ತು, ಗುರುವಾರ. ಮಾಳಿಂಗಪ್ಪ ಬೆಳಗಿನ ಪಾಳಿಗೆ ಹೋದಾಗ ಕೂಲಿಗಳು ಅವನ ಮಗ್ಗದ ಹಿಂದೆ ಬಗ್ಗಿದ್ದರು. ಅರ್ಧ ನೇಯ್ದ ಡ್ರಿಲ್ ಕತ್ತರಿಸಿ, ದಪ್ಪ ನೂಲಿನ ಬೀಮನ್ನು ಕೆಳಗಿಳಿಸಿ, ಧೋತರದ ಬೀಮನ್ನು ಹೊತ್ತು ತಂದರು. ಒಂದು ಮಗ್ಗವಲ್ಲ, ಇಡೀ ಸಾಲು. ಯಾಕೆ ಎಂದು ಮೇಲಿನವರನ್ನು ಕೇಳುವ ರೂಢಿ ಅಲ್ಲಿರಲಿಲ್ಲ. ಏರಿಸಿದ್ದನ್ನು ನೇಯುವುದಷ್ಟೇ. ಮಧ್ಯಾಹ್ನದ ಹೊತ್ತಿಗೆ ಆ ಶೆಡ್ಡಿನಲ್ಲಿ ಮಳೆಹನಿಯ ಸದ್ದು ತುಂಬಿಕೊಂಡಿತು. ಮಾಳಿಂಗಪ್ಪ ಆರು ತಿಂಗಳಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟ.

ಪಾಳಿ ಮುಗಿಸಿ ಗೇಟಿನ ಎದುರಿನ ಬಕ್ಕೇಶಪ್ಪನ ಚಾದಂಗಡಿಗೆ ಹೋದ. ಬಕ್ಕೇಶಪ್ಪ ಒಂದು ಕೈಯಲ್ಲಿ ಚಾ ಸೋಸುತ್ತ ಇನ್ನೊಂದು ಕೈಯಲ್ಲಿ ಪೇಪರು ಹಿಡಿದು ಗಟ್ಟಿಯಾಗಿ ಓದುವುದರಲ್ಲಿ ನಿಸ್ಸೀಮ.

"ಕೇಳ್ರಪ್ಪ. ವಿಶ್ವಸಂಸ್ಥೆಯೋರು ಯುದ್ಧ ನಿಲ್ಲಿಸ್ರಿ ಅಂತ ಎರಡನೇ ಸಲ ಹೇಳ್ಯಾರೆ. ಅವರ ದೊಡ್ಡ ಅಧಿಕಾರಿ ಮಾತಾಡಾಕೆ ಅಲ್ಲಿಂದ ಹೊರಟಾನಂತೆ. ಅಮೆರಿಕದೋರು ಎರಡೂ ಕಡೀಗೆ ಮದ್ದುಗುಂಡು ಕೊಡೋದು ಬಂದ್ ಮಾಡ್ಯಾರೆ. ವಿಲಾಯ್ತಿಯೋರೂ ನಮಗೆ ಕೊಡಲ್ಲ ಅಂದಾರೆ."

"ಆ ಕಡಿಯೋರಿಗೆ ಟ್ಯಾಂಕು ಕೊಟ್ಟೋರು ಯಾರು?" ಬೆಂಚಿನ ಮೇಲಿನ ಮುದುಕನೊಬ್ಬ ಕೇಳಿದ.

"ಅಮೆರಿಕದೋರೇ."

"ಈಗ ಕೊಡಲ್ಲ ಅನ್ನೋರು?"

"ಅವರೇ."

"ಹಂಗಾರೆ ಬೀಡಿ ಸೇದೋನ ಕೈಗೆ ಕಡ್ಡಿಪೆಟ್ಗಿ ಕೊಟ್ಟು, ಅವನು ಹೊತ್ತಿಸ್ಕೊಂಡ ಮ್ಯಾಗೆ ಕಿತ್ಕೊಂಡಂಗಾತು."

ಎಲ್ಲರೂ ನಕ್ಕರು. ಬಕ್ಕೇಶಪ್ಪ ಪೇಪರು ಮಡಿಸಿದ. "ಅವರ ಮಾತು ಬಿಡ್ರಿ. ಮಾಳಿಂಗಣ್ಣ, ನಿನ್ನ ಮಗ್ಗ ಏನಂತೈತೆ?"

"ಇವತ್ತು ಮಿಲಿಟರಿ ಬೀಮು ಇಳಿಸಿದ್ರು. ಧೋತರ ಏರಿಸ್ಯಾರೆ. ಇಡೀ ಸಾಲು."

ಬಕ್ಕೇಶಪ್ಪ ತೊಡೆ ತಟ್ಟಿಕೊಂಡ. "ಹಂಗಾರೆ ಮುಗೀತು ಬಿಡ್ರಿ! ಇವನ ಚಾಕ್ಕೆ ಇವತ್ತು ನಾನು ರೊಕ್ಕ ತಗಳಲ್ಲ."

ಮನೆಗೆ ಬಂದಾಗ ಅಂಗಳದಲ್ಲಿ ಭರಮಣ್ಣನ ಕಬ್ಬಿಣದ ಟ್ರಂಕು ಇತ್ತು. ಬುಧವಾರ ಸಂಜೆ ಗುತ್ತೂರಿಗೆ ತಂತಿ ಬಂದಿತ್ತು. ರಜೆ ರದ್ದು, ಕೂಡಲೇ ಹೊರಡು. ಗುರುವಾರ ಸಂಜೆಯ ಪುಣೆ ಕಡೆಯ ಗಾಡಿ ಹಿಡಿಯುವ ಮೊದಲು ಭರಮಣ್ಣ ಹೆಂಡತಿ ಮಗುವನ್ನು ನೋಡಲು ಬಂದಿದ್ದ. ಬಾಣಂತಿ ಕೋಣೆಯ ಹೊಸ್ತಿಲ ಹೊರಗೆ ಕುಕ್ಕರಗಾಲಿನಲ್ಲಿ ಕೂತು ಒಳಗೆ ನೋಡುತ್ತಿದ್ದ. ಮರಿಯವ್ವ ಅತ್ತು ಮುಗಿಸಿ ಗೋಡೆಗೆ ಒರಗಿದ್ದಳು.

"ಶನಿವಾರ ತೊಟ್ಟಿಲು" ಎಂದ ಮಾಳಿಂಗಪ್ಪ. "ಹೆಸರು ಇಟ್ಟು ಹೋಗು."

"ಕೂಡಲೇ ಅಂತ ಬರದಾರೆ, ಮಾವ."

"ಬರದೋರಿಗೆ ಗೊತ್ತಿಲ್ಲದ್ದು ನನಗೆ ಗೊತ್ತೈತೆ. ಬೀಮು ಇಳೀತು. ಮದ್ದುಗುಂಡು ಕೊಡೋರು ಕೊಡಲ್ಲ ಅಂದಾರೆ. ನಿಲ್ಲಿಸ್ರಿ ಅಂತ ದೊಡ್ಡೋರು ಬರ್ತಾ ಅದಾರೆ. ನೀನು ಅಲ್ಲಿ ಹೋಗಿ ಮುಟ್ಟೋದ್ರೊಳಗ ಮುಗದಿರ್ತೈತೆ. ಎರಡು ದಿನಕ್ಕೆ ಏನಾಗ್ತೈತೆ?"

ಭರಮಣ್ಣ ಹೊಸ್ತಿಲ ಕಡೆ ನೋಡಿದ. ಮರಿಯವ್ವ ಕಣ್ಣೆತ್ತಿ ಅಪ್ಪನನ್ನು ನೋಡಿದಳು. ಅಷ್ಟು ನಂಬಿಕೆಯಿಂದ ಅವಳು ಅವನನ್ನು ನೋಡಿದ್ದು ಸಣ್ಣವಳಿದ್ದಾಗ, ಕೆರೆಯ ನೀರಿಗೆ ಮೊದಲ ಸಲ ಇಳಿಸಿದಾಗ. ಭರಮಣ್ಣ ಟ್ರಂಕನ್ನು ಒಳಗೆ ತಂದಿಟ್ಟ.

ಶನಿವಾರ ಮಗುವಿಗೆ ಹದಿಮೂರು ದಿನ. ಕರೆದದ್ದು ಹತ್ತಾರು ಮಂದಿ. ತೊಟ್ಟಿಲಿಗೆ ಮಾಳಿಂಗಪ್ಪನ ಅಪ್ಪ ನೇಯ್ದಿದ್ದ ಕಂಬಳಿಯ ತುಂಡು ಹಾಸಿದರು. ಹೆಂಗಸರು ಮಗುವನ್ನು ತೊಟ್ಟಿಲ ಕೆಳಗಿನಿಂದ ಮೇಲಿನಿಂದ ದಾಟಿಸಿ, ಕಿವಿಯಲ್ಲಿ ಹೆಸರು ಹೇಳಿ, ತಮಾಷೆಗೆ ಭರಮಣ್ಣನ ಬೆನ್ನಿಗೂ ಗುದ್ದಿದರು. ಅವನು ನಕ್ಕ. ಆ ನಗು ಮಾಳಿಂಗಪ್ಪನಿಗೆ ಬಹಳ ದಿನ ನೆನಪಿನಲ್ಲಿ ಉಳಿಯಿತು.

ಊಟದ ಪಂಕ್ತಿಯಲ್ಲಿ ಸೂರಪ್ಪ ಪಕ್ಕಕ್ಕೆ ಬಂದು ಕೂತ. ಅದೇ ಮಿಲ್ಲಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ವಿಭಾಗದವನು. ಅವನ ಉಗುರಿನ ಸಂದಿಯಲ್ಲಿ ಯಾವಾಗಲೂ ಕಾಕಿ ಬಣ್ಣ ಇರುತ್ತಿತ್ತು. ಅವತ್ತು ಉಗುರು ಬೆಳ್ಳಗಿತ್ತು.

"ಮೂರು ದಿನದಿಂದ ಕೆಲಸಿಲ್ಲ ಮಾಳಿಂಗಣ್ಣ. ತೊಟ್ಟಿ ತೊಳಿಯೋದು, ಕೂಡ್ರೋದು."

"ಮುಗೀತಲ್ಲ, ಇನ್ನ ಕಾಕಿ ಯಾರಿಗೆ ಬೇಕು?"

"ಏನು ಮುಗೀತು?" ಸೂರಪ್ಪ ತುತ್ತು ನಿಲ್ಲಿಸಿದ. "ಬಣ್ಣ ಮುಗೀತು. ಪುಡಿ ಹೊರದೇಶದ್ದು. ಹಡಗು ಬೊಂಬಾಯಿಗೆ ಬಂದಿಲ್ಲ. ಲಡಾಯಿ ಮಾಡೋ ದೇಶಕ್ಕೆ ಮಾಲು ಕಳಿಸ್ಬೇಕಾ ಬ್ಯಾಡ್ವಾ ಅಂತ ಅಲ್ಲಿ ಕುಂತು ಯೋಚ್ನೆ ಮಾಡ್ತಾ ಅದಾರಂತೆ. ಬಣ್ಣಿಲ್ಲದ ಬಟ್ಟೆ ಗೋಡೌನಿನ ಸೂರು ಮುಟ್ಟೈತೆ. ಅದ್ಕೇ ನಿಮ್ಮ ಸಾಲಿಗೆ ಧೋತರ ಕೊಟ್ಟಾರೆ. ಆರ್ಡರು ಎಲ್ಲಿ ನಿಂತೈತೆ? ದುಪ್ಪಟ್ಟಾಗೈತೆ! ಬೇರೆ ಕಡೀಂದ ಬಣ್ಣ ಬಂದ್ ಕೂಡ್ಲೇ ಮತ್ತೆ ಮಿಲಿಟರಿ ಬೀಮೇ."

ಮಾಳಿಂಗಪ್ಪ ಎಲೆಯ ಮುಂದೆ ಕೂತೇ ಇದ್ದ. ಓಬವ್ವ ಹುಗ್ಗಿ ಬಡಿಸಲು ಬಂದು, "ಕೈ ಅಡ್ಡ ಇಡ್ತೀರೋ, ನೀಡ್ಲೋ?" ಎಂದಳು. ಅವನಿಗೆ ಕೇಳಲಿಲ್ಲ.

ಅಳಿಯನಿಗೆ ಅವನೇ ಹೇಳಿದ. ಹಿತ್ತಲಿಗೆ ಕರೆದುಕೊಂಡು ಹೋಗಿ, ಸೂರಪ್ಪ ಹೇಳಿದ್ದನ್ನು ಒಂದೂ ಬಿಡದೆ ಹೇಳಿದ. ಭರಮಣ್ಣ ತಲೆ ತಗ್ಗಿಸಿ ಕೇಳಿ, "ಇರ್ಲಿ ಬಿಡ್ರಿ ಮಾವ, ಮಗನ ಹೆಸರು ಕೂಗಿದ್ದು ಕೇಳಿದ್ನಲ್ಲ" ಅಂದ. ಆದರೆ ಒಳಗೆ ಬಂದವನೇ ಟ್ರಂಕನ್ನು ಮತ್ತೆ ಅಂಗಳಕ್ಕೆ ತಂದಿಟ್ಟ. ಅವತ್ತು ಸಂಜೆಯ ಗಾಡಿಗೇ ಹೊರಟ. ಮಾಳಿಂಗಪ್ಪ ಟ್ರಂಕು ಹೊತ್ತು ಸ್ಟೇಷನ್ನಿಗೆ ಹೋದ. ಡಬ್ಬಿಯ ಬಾಗಿಲಲ್ಲಿ ಇನ್ನೂ ಐದಾರು ಸಿಪಾಯಿಗಳು ನೇತಾಡುತ್ತಿದ್ದರು. ಜನ ಅವರಿಗೆ ಬಾಳೆಹಣ್ಣು ಕೊಡುತ್ತಿದ್ದರು, ಹಾರ ಹಾಕುತ್ತಿದ್ದರು. ಭರಮಣ್ಣನ ಕೊರಳಿಗೂ ಒಂದು ಹಾರ ಬಿತ್ತು. ಅವನು ಅದನ್ನು ತೆಗೆದು ಮಾವನ ಕೈಗೆ ಕೊಟ್ಟ.

ಮನೆಯಲ್ಲಿ ಮರಿಯವ್ವ ಒಂದೇ ಮಾತು ಕೇಳಿದಳು.

"ನೀನು ಹೇಳಿದ್ದಕ್ಕೆ ಉಳಿದ್ರು. ಅಲ್ಲಿ ಅವರನ್ನ ಹೆದರಿ ಓಡಿಹೋದೋನು ಅಂದ್ರೆ?"

ಅವತ್ತಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಜಗಳವಲ್ಲ, ಸಿಟ್ಟೂ ಕಾಣುತ್ತಿರಲಿಲ್ಲ. ಅವನು ಒಳಗೆ ಬಂದರೆ ಮಗುವಿನ ಕಡೆ ತಿರುಗುತ್ತಿದ್ದಳು. ಅವ್ವನಿಗೆ ಹೇಳುವಂತೆ ಹೇಳುತ್ತಿದ್ದಳು: "ಅವರಿಗೆ ಊಟಕ್ಕಿಡು." ಹುಟ್ಟಿದಾಗಿನಿಂದ ಅಪ್ಪ ಅಂದವಳು ಅವರು ಅಂದಳು.

ಮುಂದಿನ ವಾರ ಬೇರೆ ಎಲ್ಲಿಂದಲೋ ಬಣ್ಣ ಬಂತು. ಮಿಲಿಟರಿ ಬೀಮು ಮತ್ತೆ ಏರಿತು. ಮಾಳಿಂಗಪ್ಪ ನೇಯ್ದ. ಕೈ ತನ್ನಷ್ಟಕ್ಕೆ ಲಾಳಿ ಬದಲಿಸುತ್ತಿತ್ತು, ಕಡಿದ ಎಳೆಗೆ ಗಂಟು ಹಾಕುತ್ತಿತ್ತು. ದಣಿವು ಅನ್ನುವುದು ಮೈಯ ಯಾವ ಭಾಗದಲ್ಲಿದೆ ಎಂದು ಅವನಿಗೆ ಹೇಳಲು ಬರುತ್ತಿರಲಿಲ್ಲ. ಚಾದಂಗಡಿಯ ಮುಂದೆ ಹೋಗುವುದನ್ನು ಬಿಟ್ಟು ಸುತ್ತು ದಾರಿ ಹಿಡಿದ. ಒಂದು ದಿನ ಬಕ್ಕೇಶಪ್ಪ ಓಡಿ ಬಂದು ಅಡ್ಡಹಾಕಿದ.

"ಏನೋ ಮಾರಾಯ, ಮುಗೀತು ಅಂದಿ. ಈಗ ಚೀನಾದೋರೂ ಗಡುವು ಕೊಟ್ಟಾರೆ. ಪುಕ್ಕಟೆ ಚಾ ಕುಡಿದಿದ್ದಕ್ಕೆ ಇನ್ನೊಂದು ಸಲ ಸರಿಯಾಗಿ ನೋಡಿ ಹೇಳು."

ಮಾಳಿಂಗಪ್ಪ ಜೇಬಿನಿಂದ ಆ ಚಾದ ಕಾಸು ತೆಗೆದು ಅವನ ಅಂಗೈಯಲ್ಲಿಟ್ಟು ನಡೆದ. ಬಕ್ಕೇಶಪ್ಪ ನಗಬೇಕೋ ಬೇಡವೋ ತಿಳಿಯದೆ ನಿಂತುಕೊಂಡ.

ಸೆಪ್ಟೆಂಬರ್ ಇಪ್ಪತ್ತಮೂರಕ್ಕೆ ಕದನ ನಿಂತಿತು. ಬೆಳಗಿನ ರೇಡಿಯೋದಲ್ಲಿ ಹೇಳಿದರು. ಪೇಟೆಯಲ್ಲಿ ಪಟಾಕಿ ಹಚ್ಚಿದರು, ಶಾಲೆಯ ಮಕ್ಕಳ ಮೆರವಣಿಗೆ ಹೋಯಿತು. ಹೇಳಿದ್ದು ಹದಿನೈದು ದಿನದೊಳಗೆ ನಡೆದೇ ಬಿಟ್ಟಿತಲ್ಲ ಎಂದು ಮಿಲ್ಲಿನಲ್ಲಿ ಒಬ್ಬಿಬ್ಬರು ಮಾಳಿಂಗಪ್ಪನ ಬೆನ್ನು ತಟ್ಟಿದರು. ಅವನು ಬಟ್ಟೆಯ ಅಂಚು ಸರಿಮಾಡುತ್ತಿದ್ದವನು ತಲೆ ಎತ್ತಲಿಲ್ಲ. ಯುದ್ಧ ನಿಂತಿತು, ಭರಮಣ್ಣನ ಸುದ್ದಿ ಬರಲಿಲ್ಲ.

ಭರಮಣ್ಣ ಕಾಗದ ಬರೆಯುತ್ತಿದ್ದದ್ದು ಗುತ್ತೂರಿನ ತನ್ನ ಅಪ್ಪನ ಹೆಸರಿಗೆ. ಹೆಂಡತಿಯ ಹೆಸರಿಗೆ ಬರೆಯುವುದು ಅವರ ಮನೆಗಳಲ್ಲಿ ನಾಚಿಕೆಯ ವಿಷಯ. ಅವಳಿಗೆ ಹೇಳಬೇಕಾದದ್ದನ್ನು ಕೊನೆಯಲ್ಲಿ ಒಂದು ಸಾಲು ಸೇರಿಸುತ್ತಿದ್ದ. ಹಾಗಾಗಿ ಪ್ರತಿ ಭಾನುವಾರ ಮಾಳಿಂಗಪ್ಪ ಬಸ್ಸು ಹತ್ತಿ ಹರಿಹರದಲ್ಲಿ ಇಳಿದು, ಅಲ್ಲಿಂದ ಗುತ್ತೂರಿಗೆ ನಡೆದು ಹೋಗಿ, ಕಾಗದ ಬಂತೇ ಎಂದು ಕೇಳಿಕೊಂಡು ಬರತೊಡಗಿದ. ಹೊರಡುವಾಗ ಮರಿಯವ್ವ ಬಾಗಿಲ ಹತ್ತಿರ ನಿಂತಿರುತ್ತಿದ್ದಳು. ಸಂಜೆ ತಿರುಗಿ ಬಂದಾಗ ಅವನ ಮುಖ ನೋಡಿ ಒಳಗೆ ಹೋಗುತ್ತಿದ್ದಳು. ಎರಡು ಭಾನುವಾರ ಹೀಗೆ ಕಳೆಯಿತು.

ಅಕ್ಟೋಬರ್ ಹತ್ತು, ಹಾಗೆ ಹೋದ ಮೂರನೆಯ ಭಾನುವಾರ. ಹೊಳೆ ಇನ್ನೂ ಕೆಂಪಗೆ ತುಂಬಿ ಹರಿಯುತ್ತಿತ್ತು. ಗುತ್ತೂರಿನ ದಾರಿಯಲ್ಲಿ ಅವನು ಎರಡು ಕಡೆ ಕೂತು ಕೆಮ್ಮಿ ಸುಧಾರಿಸಿಕೊಂಡ. ಊರ ಮುಂದಿನ ಕಟ್ಟೆಯ ಹತ್ತಿರ ಬಂದಾಗಲೇ ಬೀಗ ಸಣ್ಣಬೀರಪ್ಪ ದೂರದಿಂದ ಟವೆಲ್ಲು ಬೀಸುತ್ತ ಬಂದ. ದೊಡ್ಡ ಮೈಯ, ದೊಡ್ಡ ದನಿಯ ಮನುಷ್ಯ.

"ಬರ್ರಿ ಬೀಗರೆ, ಬರ್ರಿ! ಬಂತು! ನಿನ್ನೆ ಬಂತು! ಹುಡುಗ ಗಟ್ಟಿಯಾಗ್ಯದಾನೆ!"

ಮಾಳಿಂಗಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತ. ಸಣ್ಣಬೀರಪ್ಪ ಪಕ್ಕದಲ್ಲಿ ಕೂತು ಅವನ ತೊಡೆ ಹಿಡಿದು ಅಲುಗಾಡಿಸಿದ.

"ನೀವು ನನ್ನ ಮಗನ್ನ ಉಳಿಸಿದ್ರಿ. ಮೇಷ್ಟ್ರ ಹತ್ರ ಎರಡು ಸಲ ಓದಿಸ್ದೆ. ತಡ ಆಗಿ ಹೋದ ಅಂತ ಪಗಾರ ಹಿಡ್ಕೊಂಡು, ಹಿಂದಿನ ಠಾಣ್ಯದ ಅಡಿಗಿ ಮನ್ಯಾಗೆ ಹದಿನಾಕು ದಿನ ಪಾತ್ರೆ ತಿಕ್ಕಾಕೆ ಹಾಕಿದ್ರಂತೆ. ಅವನ ಲಾರಿ ಮುಂದಕ್ಕೆ ಹೋತು, ಅದರ ಮ್ಯಾಗೆ ಇಮಾನದಿಂದ ಬಾಂಬು ಬಿತ್ತು. ಅದರಾಗೆ ಇವನಿಲ್ಲ! ನೀವು ಎರಡು ದಿನ ತಡೀದಿದ್ರೆ..." ಅವನು ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕೂಗಿ ಕರೆದ. "ಏ, ಬರ್ರಲೇ ಇಲ್ಲಿ. ನನ್ನ ಬೀಗರು ಇವರೇ."

"ಕಾಗದ ಎಲ್ಲೈತೆ?" ಎಂದ ಮಾಳಿಂಗಪ್ಪ.

ಸಣ್ಣಬೀರಪ್ಪ ಜೇಬಿನಿಂದ ತೆಗೆದು ಕೊಟ್ಟ. ಮಾಳಿಂಗಪ್ಪ ನಿಧಾನವಾಗಿ, ಪ್ರತಿ ಅಕ್ಷರದ ಮೇಲೆ ಬೆರಳಿಟ್ಟು ಓದುವವನು. ಬೀಗ ಹೇಳಿದ್ದೆಲ್ಲ ಅದರಲ್ಲಿತ್ತು. ಹೇಳದೆ ಬಿಟ್ಟದ್ದೂ ಇತ್ತು. "ನನ್ನ ಲಾರಿಯನ್ನು ಚೆಲ್ಲಯ್ಯನಿಗೆ ಕೊಟ್ಟಿದ್ದರು. ತಿರುನೆಲ್ವೇಲಿ ಕಡೆಯವನು. ನನಗಿಂತ ಎರಡು ವರ್ಷ ಚಿಕ್ಕವನು. ಅವನ ರಜೆ ಅಕ್ಟೋಬರಿಗೆ ಮಂಜೂರಾಗಿತ್ತು. ಅವನ ಪೆಟ್ಟಿಗೆ ಕಟ್ಟಿ ಮನೆಗೆ ಕಳಿಸುವ ಕೆಲಸ ನನಗೇ ಹೇಳಿದರು. ಅದರಲ್ಲಿ ಒಂದು ಸಣ್ಣ ಹುಡುಗಿಯ ರಿಬ್ಬನ್ನು ಇತ್ತು, ಹೊಸದು. ಮಾವನಿಗೆ ನನ್ನ ಸಲುವಾಗಿ ಬೇಸರ ಬೇಡ ಅನ್ನಿ." ಕೊನೆಯಲ್ಲಿ ಮರಿಯವ್ವನಿಗೆ ಒಂದು ಸಾಲು: ಮಗುವನ್ನು ಬಿಸಿಲಿಗೆ ಹಿಡಿ.

ಅವನು ಮೊದಲಿನಿಂದ ಇನ್ನೊಮ್ಮೆ ಓದಿದ. ಚೆಲ್ಲಯ್ಯ ಅನ್ನುವ ಹೆಸರಿನ ಮೇಲೆ ಬೆರಳು ನಿಂತಿತು.

"ಈ ಹುಡುಗ..." ಎಂದ.

"ಹೂಂ, ಪಾಪ" ಎಂದ ಸಣ್ಣಬೀರಪ್ಪ. "ಅವನ ಹಣೇಬರ. ನಾವೇನು ಮಾಡಾಕಾಗ್ತೈತೆ? ಅದು ಲಡಾಯಿ. ಸೊಸೆಗೆ ಓದುವಾಗ ಅದಿಷ್ಟು ಬಿಟ್ಟು ಓದ್ರಿ, ಬಾಣಂತಿ ಜೀವ. ಹುಡುಗ ಉಳಿದ, ನಮ್ಮಪ್ಪ ಉಳಿಸಿದ ಅಂತ ಗೊತ್ತಾದ್ರೆ ಸಾಕು, ನಿಮ್ಮ ಮಗಳು ಮಾತಾಡ್ತಾಳೆ. ಮಾತಾಡಲ್ಲ ಅಂತ ಬೀಗ್ತಿ ಹೇಳಿದ್ರು. ಇನ್ನ ಅದೆಲ್ಲ ಮುಗೀತು."

ಮಾಳಿಂಗಪ್ಪ ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದ. ಅಂಗಿಯ ಒಳಜೇಬಿಗೆ ಹಾಕಿಕೊಂಡ. ಇಷ್ಟು ವಾರದಿಂದ ಅವನು ಬೇಡಿಕೊಂಡದ್ದು ಇದನ್ನೇ. ಭರಮಣ್ಣ ಬದುಕಿರಲಿ, ಮಗಳು ಒಂದು ಸಲ ಅಪ್ಪ ಅನ್ನಲಿ. ಎರಡೂ ಸಿಕ್ಕ ಹಾಗೇ ಆಗಿತ್ತು. ಬಂದಿದ್ದ ಇಬ್ಬರಲ್ಲಿ ಒಬ್ಬ ಬಗ್ಗಿ ಅವನ ಕಾಲು ಮುಟ್ಟಲು ಬಂದ. ಅವನು ಕಾಲು ಹಿಂದಕ್ಕೆಳೆದುಕೊಂಡ.

"ಅವನಿಗೆ ಮಗಳಿದ್ಲೋ ತಂಗಿ ಇದ್ಲೋ?" ಎಂದು ಕೇಳಿದ.

"ಯಾರಿಗೆ?" ಸಣ್ಣಬೀರಪ್ಪನಿಗೆ ಅರ್ಥವಾಗಲಿಲ್ಲ. "ಏಳ್ರಿ, ಮನಿಗೆ ನಡೀರಿ. ಊಟ ಮಾಡಿ ಹೋಗೀರಂತೆ. ಮುಂದಿನ ಮಂಗಳವಾರ ದೇವರಿಗೆ ಕುರಿ ಬಿಡ್ತೀನಿ ಅಂತ ಹರಕೆ ಹೊತ್ತೀನಿ. ಆ ಹಗ್ಗ ನೀವೇ ಹಿಡೀಬೇಕು, ಬ್ಯಾಡ ಅನ್ನಂಗಿಲ್ಲ. ಯಾಕಂದ್ರೆ ನಿಮ್ಮ ಬಾಯಿಂದ ಬಂದ ಮಾತು..."

ಮಾಳಿಂಗಪ್ಪ ಎದ್ದ. ಚಪ್ಪಲಿ ಮೆಟ್ಟಿದ. ಮನೆಯ ಕಡೆಗಲ್ಲ, ಬಂದ ದಾರಿಯ ಕಡೆಗೆ ತಿರುಗಿದ.

"ಬೀಗರೆ, ಅತ್ತ ಅಲ್ಲ, ಇತ್ತ! ಅಡಿಗಿ ಆಗೈತೆ. ಅದೂ ಅಲ್ದೆ ಕುರಿ ಬಿಡೋದಾ, ಟಗರು ಬಿಡೋದಾ ಅಂತ ನಿಮ್ಮನ್ನ ಒಂದು ಮಾತು ಕೇಳೋಣ ಅಂತ..."

ಅವನು ಹರಿಹರದ ದಾರಿ ಹಿಡಿದು ನಡೆಯುತ್ತಿದ್ದ. ಹಿಂದಿನಿಂದ ಮಾತು ಬರುತ್ತಲೇ ಇತ್ತು.